ಚಾವಣಿ ಇದ್ದಲ್ಲಿ ಬೆಳೆದ ಆಟ

ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಅಷ್ಟು ಗಾಳಿಯ ನೆಲ ಇದು. ಹದಿನಾರು ಗರಿಗಳ, ಐದೂವರೆ ಗ್ರಾಂ ಮೀರದ ಶಟಲ್ ಕಾಕ್ ಇಲ್ಲಿಯ, ಪಕ್ಕದ ಹಗರಿಬೊಮ್ಮನಹಳ್ಳಿಯ ಬಯಲಿನಲ್ಲಿ ಆಟಗಾರನ ಮಾತು ಕೇಳುವುದಿಲ್ಲ. ಬಯಲು ಮೈದಾನದ ಶಾಲೆಗಳಿಗೆ ಒಗ್ಗುವುದು ತಂಜಾವೂರಿನಲ್ಲಿ ಹುಟ್ಟಿದ ಬಾಲ್ ಬ್ಯಾಡ್ಮಿಂಟನ್. ಅದರ ಉಣ್ಣೆಯ ಚೆಂಡು 27ರಿಂದ 30 ಗ್ರಾಂ ತೂಗುತ್ತದೆ. ಅಂಕಣ 24 ಮೀಟರ್ ಉದ್ದ, ಒಂದೊಂದು ಕಡೆ ಐವರು. ಮಣ್ಣಿನ ಅಂಗಳ, ಎರಡು ಕಂಬ ಇದ್ದರೆ ಸಾಕು. ಶಟಲ್‌ಗೆ ಮಾತ್ರ ನಾಲ್ಕು ಗೋಡೆ, ಮೇಲೊಂದು ಎತ್ತರದ ಚಾವಣಿ ಬೇಕೇಬೇಕು. ಕ್ರೀಡಾಕೂಟಗಳಲ್ಲಿ ಕರ್ನಾಟಕದ ಬ್ಯಾಡ್ಮಿಂಟನ್ ನಡೆದುಬಂದ ದಾರಿಯನ್ನು ಈ ಚಾವಣಿಯೇ ನಿರ್ಧರಿಸಿದೆ.

ಏಷ್ಯನ್ ಕ್ರೀಡಾಕೂಟಕ್ಕೆ ಬ್ಯಾಡ್ಮಿಂಟನ್ ಬಂದದ್ದು 1962ರ ಜಕಾರ್ತಾದಲ್ಲಿ, ಕಾಮನ್‌ವೆಲ್ತ್ ಕೂಟಕ್ಕೆ 1966ರ ಕಿಂಗ್‌ಸ್ಟನ್‌ನಲ್ಲಿ. ಆ ಹೊತ್ತಿಗೆ ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ ಹುಡುಗ ಪ್ರಕಾಶ್ ಪಡುಕೋಣೆ ಆಡುತ್ತಿದ್ದರು. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿ. ಸಭಾಂಗಣ ಮದುವೆಗೂ ಅದೇ, ಆಟಕ್ಕೂ ಅದೇ. ಮದುವೆ ಇದ್ದ ದಿನ ಆಟವಿಲ್ಲ, ಇಲ್ಲದ ದಿನ ಅದೇ ಅಂಕಣ. ಅಲ್ಲಿಂದ ಹೊರಟವರು 1971ರಿಂದ 1979ರವರೆಗೆ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು. 1974ರಲ್ಲಿ ಟೆಹರಾನ್ ಏಷ್ಯನ್ ಕೂಟದಲ್ಲಿ ಕಂಚು ಗೆದ್ದ ಪುರುಷರ ತಂಡದಲ್ಲಿದ್ದರು. 1978ರಲ್ಲಿ ಎಡ್ಮಂಟನ್ ಕಾಮನ್‌ವೆಲ್ತ್ ಕೂಟದ ಸಿಂಗಲ್ಸ್ ಚಿನ್ನ ಅವರದಾಯಿತು. ಎರಡು ವರ್ಷದ ನಂತರದ ಆಲ್ ಇಂಗ್ಲೆಂಡ್ ಗೆಲುವಿನ ಹೊಳಪಿನಲ್ಲಿ ಎಡ್ಮಂಟನ್ ಮರೆತುಹೋಗುವುದುಂಟು. ನನ್ನ ಮಟ್ಟಿಗೆ ಕನ್ನಡಿಗರ ಬ್ಯಾಡ್ಮಿಂಟನ್ ಲೋಕದ ಎದುರು ತಲೆಯೆತ್ತಿದ್ದು ಅಲ್ಲೇ.

ಮುಂದಿನ ತಿರುವು 1994. ಪ್ರಕಾಶ್, ವಿಮಲ್ ಕುಮಾರ್ ಮತ್ತು ವಿವೇಕ್ ಕುಮಾರ್ ಸೇರಿ ಬೆಂಗಳೂರಿನಲ್ಲಿ ತರಬೇತಿ ಅಕಾಡೆಮಿ ಕಟ್ಟಿದರು. 1997ರ ರಾಷ್ಟ್ರೀಯ ಕ್ರೀಡಾಕೂಟವೂ ಬೆಂಗಳೂರು, ಮೈಸೂರುಗಳ ಪಾಲಿಗೇ ಬಂತು. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕೂಟದಲ್ಲಿ ಸಿಂಗಲ್ಸ್ ಬೆಳ್ಳಿ ಗೆದ್ದ ಮುಂಬೈನ ಅಪರ್ಣಾ ಪೋಪಟ್ ಪಳಗಿದ್ದು ಇದೇ ಅಕಾಡೆಮಿಯಲ್ಲಿ. ಹೊರರಾಜ್ಯದ ಮಕ್ಕಳು ಊರು ಬಿಟ್ಟು ಬಂದು ಇಲ್ಲಿ ನೆಲೆಸತೊಡಗಿದರು.

ಡಬಲ್ಸ್‌ನ ಗೌರವ ಬಂದದ್ದು ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ ಅವರಿಂದ. 2010ರ ಅಕ್ಟೋಬರ್ 14, ದೆಹಲಿ ಕಾಮನ್‌ವೆಲ್ತ್ ಕೂಟದ ಕೊನೆಯ ದಿನ. ಜ್ವಾಲಾ ಗುಟ್ಟಾ ಜೊತೆಗೂಡಿ ಅವರು ಸಿಂಗಪುರದ ಜೋಡಿಯನ್ನು ಮಣಿಸಿ ಚಿನ್ನ ಗೆದ್ದರು. ಅದೇ ದಿನ ಸೈನಾ ನೆಹ್ವಾಲ್ ಕೂಡ ಗೆದ್ದರು. ಭಾರತದ ಚಿನ್ನ 38ಕ್ಕೇರಿ, 37ರ ಇಂಗ್ಲೆಂಡನ್ನು ಹಿಂದಿಕ್ಕಿತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ ಮಿಶ್ರ ತಂಡ ಮೊದಲ ಬಾರಿ ಚಿನ್ನ ಗೆದ್ದಾಗಲೂ ಮಲೇಷ್ಯಾ ವಿರುದ್ಧದ ಫೈನಲ್‌ನ ಮೊದಲ ಪಂದ್ಯ ಗೆದ್ದುಕೊಟ್ಟವರು ಸಾತ್ವಿಕ್ ಸಾಯಿರಾಜ್ ಮತ್ತು ಅಶ್ವಿನಿ. ಹಾಂಗ್‌ಝೌ ಏಷ್ಯನ್ ಕೂಟದಲ್ಲಿ (2023) ಚೀನಾ ವಿರುದ್ಧ 2–2 ಆಗಿದ್ದ ಪುರುಷರ ತಂಡ ವಿಭಾಗದ ಫೈನಲ್‌ನ ಐದನೇ ಪಂದ್ಯಕ್ಕೆ ಇಳಿದವರು ಬೆಂಗಳೂರಿನ ಮಿಥುನ್ ಮಂಜುನಾಥ್. ಅವರು ಸೋತರು, ತಂಡಕ್ಕೆ ಬೆಳ್ಳಿ ಬಂತು. ಅಂಥ ಘಳಿಗೆಯ ಭಾರ ಹೊರುವ ಹುಡುಗ ನಮ್ಮಲ್ಲಿದ್ದನೆಂಬುದು ಸಣ್ಣ ಮಾತಲ್ಲ.

ಇಷ್ಟು ಹೆಸರುಗಳಲ್ಲಿ ಹರಪನಹಳ್ಳಿ ಸೀಮೆಯದು ಒಂದೂ ಇಲ್ಲ. ದಸರಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ಹತ್ತಿ ಮೈಸೂರು ಸೇರುತ್ತದೆ. ತಾಲ್ಲೂಕಿನಲ್ಲಿ ನಡೆಯುವುದು ಬಹುಪಾಲು ಓಟ, ಕಬಡ್ಡಿ, ಖೋಖೋ, ವಾಲಿಬಾಲ್. ಶಟಲ್ ಆಡಬೇಕೆಂದರೆ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿಯ ಮಕ್ಕಳು ಮೇಲಿನ ಹಂತಕ್ಕೆ ಕಾಯಬೇಕು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಜಿಲ್ಲಾ ಕೇಂದ್ರ ಹೊಸಪೇಟೆಗೆ, ಹತ್ತಿರಕ್ಕೆ, ಬಂತು ನಿಜ, ಆದರೆ ದಿನವೂ ಆಡುವ ಅಂಕಣ ಊರಲ್ಲೇ ಇರಬೇಕು. ಕೆನರಾ ಯೂನಿಯನ್ ತೋರಿಸಿದ ದಾರಿ ಇಲ್ಲಿಗೂ ಹೊಂದುತ್ತದೆ. ಅಂಕಣಕ್ಕೆ ಬೇಕಾದದ್ದು 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಅಷ್ಟು ಜಾಗ, ತಕ್ಕ ಎತ್ತರ ಇರುವ ಕಲ್ಯಾಣ ಮಂಟಪ, ಸಮುದಾಯ ಭವನಗಳು ಲಗ್ನವಿಲ್ಲದ ತಿಂಗಳುಗಳಲ್ಲಿ ಬೀಗ ಹಾಕಿಕೊಂಡಿರುತ್ತವೆ. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ 2019ರಲ್ಲಿ ಗಾಳಿ ತಡೆಯುವ ಶಟಲ್‌ನೊಂದಿಗೆ ಬಯಲಿಗೆಂದೇ ಏರ್ ಬ್ಯಾಡ್ಮಿಂಟನ್ ಎಂಬ ಬಗೆಯನ್ನೂ ಹೊರತಂದಿದೆ. ದಸರಾ ಕೂಟದ ತಾಲ್ಲೂಕು ಪಟ್ಟಿಗೆ ಅದನ್ನು ಸೇರಿಸಿದರೆ, ಹರಪನಹಳ್ಳಿಯ ಶಾಲೆಯ ಅಂಗಳದಲ್ಲೇ ಆಯ್ಕೆ ಪಂದ್ಯ ನಡೆಸಬಹುದು.