ಬೀಗದ ಕೈ ಯಾರಲ್ಲಿ? ಹಗೇವಿನಿಂದ ಕ್ರಿಪ್ಟೋ ವಾಲೆಟ್ಟಿನವರೆಗೆ

ಸಂಪತ್ತು ಎಲ್ಲಿದೆ ಎಂಬುದನ್ನು ಆರ್ಥಿಕ ಇತಿಹಾಸಕಾರರು ಬಹಳವಾಗಿ ವಿಚಾರಿಸಿದ್ದಾರೆ. ಅದನ್ನು ತೆರೆಯುವ ಅಧಿಕಾರ ಯಾರಲ್ಲಿತ್ತೆಂಬುದನ್ನು ಅಷ್ಟಾಗಿ ವಿಚಾರಿಸಿದಂತೆ ತೋರುವುದಿಲ್ಲ. 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಳೆಯ ಪದ್ಧತಿಗಳನ್ನು ಈ ದೃಷ್ಟಿಯಿಂದ ನೋಡಿದರೆ, ಇಂದಿನ ಕ್ರಿಪ್ಟೋ ನಾಣ್ಯಗಳ ವಿಚಾರದಲ್ಲಿ ಎದ್ದಿರುವ ವಿವಾದವು ಅಷ್ಟೇನೂ ಹೊಸದಲ್ಲವೆಂಬುದು ವಿದಿತವಾಗುತ್ತದೆ.

ಈ ಬಯಲು ಸೀಮೆಯ ರೈತನ ಮುಖ್ಯ ಭಂಡಾರವು ಹಗೇವು. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿಯನ್ನಿಟ್ಟು ತೋಡಿದ ಈ ಕಣಜದಲ್ಲಿ ರಾಗಿಯನ್ನು ತುಂಬಿ, ಕಲ್ಲುಚಪ್ಪಡಿಯನ್ನು ಹಾಕಿ ಮಣ್ಣು ಮುಚ್ಚಿದರೆ ಧಾನ್ಯವು ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಅದಕ್ಕೆ ಬೀಗವಿರಲಿಲ್ಲ, ಸ್ಥಳದ ಅರಿವೇ ಬೀಗದ ಕೈ. (ತೆರೆದೊಡನೆ ಒಳಗಿಳಿದವನು ಕೆಟ್ಟ ಗಾಳಿಗೆ ಸಿಕ್ಕಿ ಸಾಯುವ ಭಯವೂ ಇತ್ತೆಂಬುದನ್ನು ಮರೆಯಬಾರದು.) ಯಜಮಾನನು ಯಾರಿಗೂ ಹೇಳದೆ ತೀರಿಕೊಂಡರೆ ಸ್ಥಳದ ಅರಿವೂ ಅವನೊಡನೆಯೇ ಹೋಗುತ್ತಿತ್ತು.

ಇನ್ನೊಂದು ಕ್ರಮವೆಂದರೆ ಸಾಹುಕಾರನಲ್ಲಿ ಇಡುವುದು. ಮರಾಠ ಸರದಾರ ಚಿಂತಾಮಣಿರಾಯನ ಹೆಸರನ್ನು ಹೊತ್ತ ಚಿಂತಾಮಣಿ ಪಟ್ಟಣವು ಲೇವಾದೇವಿಗೂ ಬೆಳ್ಳಿಬಂಗಾರದ ವ್ಯಾಪಾರಕ್ಕೂ ಹೆಸರಾಗಿತ್ತು. ಇಲ್ಲಿ ಹಣವೂ ಅವನಲ್ಲಿ, ಲೆಕ್ಕವೂ ಅವನಲ್ಲಿ. ಇಟ್ಟವನ ಕೈಯಲ್ಲಿ ಉಳಿದದ್ದು ನಂಬಿಕೆ ಮಾತ್ರ.

ಸರ್ಕಾರದ ಖಜಾನೆಯು ಇವೆರಡನ್ನೂ ಒಪ್ಪಲಿಲ್ಲ. ಭದ್ರಕೋಣೆಗೆ ಎರಡು ಬೀಗ. ಒಂದರ ಕೈ ಅಧಿಕಾರಿಯಲ್ಲಿ, ಇನ್ನೊಂದರದು ಖಜಾಂಚಿಯಲ್ಲಿ. ಇಬ್ಬರೂ ಕೂಡಿದಲ್ಲದೆ ಬಾಗಿಲು ತೆರೆಯದು. ನಕಲು ಕೈಗಳನ್ನು ಸಾಧಾರಣವಾಗಿ ಬೇರೆಡೆಯಲ್ಲಿ ಮೊಹರು ಮಾಡಿ ಇಡುತ್ತಿದ್ದರು. ಕಳವು, ಮರಣ, ಮರೆವು ಈ ಮೂರನ್ನೂ ಎಣಿಸಿ ಮಾಡಿದ ಏರ್ಪಾಡಿದು. ಇದರ ಜಾಣತನವನ್ನು ನಾವು ಸಾಕಷ್ಟು ಮೆಚ್ಚಿಲ್ಲವೆಂದೇ ನನ್ನ ಅಭಿಪ್ರಾಯ.

2009ರಲ್ಲಿ ಬಿಟ್‌ಕಾಯಿನ್ ಚಾಲನೆಗೆ ಬಂದಾಗ ಈ ಮೂರು ಕ್ರಮಗಳೂ ಹೊಸ ವೇಷದಲ್ಲಿ ಮರಳಿದುವು. ‘ವಾಲೆಟ್’ ಎಂಬ ಹೆಸರು ದಾರಿ ತಪ್ಪಿಸುವಂಥದು. ಆ ಚೀಲದಲ್ಲಿ ನಾಣ್ಯವಿಲ್ಲ. ಲೆಕ್ಕವು ಎಲ್ಲರಿಗೂ ಕಾಣುವ ಬಹಿರಂಗ ಖಾತೆಯಲ್ಲಿದ್ದು, ಚೀಲದಲ್ಲಿರುವುದು 256 ಬಿಟ್ಟುಗಳ ಒಂದು ರಹಸ್ಯ ಸಂಖ್ಯೆ ಮಾತ್ರ. ಅದೇ ಖಾಸಗಿ ಕೀಲಿ. ಅದರಿಂದ ಸಹಿ ಹಾಕಿದವನೇ ಒಡೆಯ. ಬಹಿರಂಗ ವಿಳಾಸದಿಂದ ಹಿಂದಕ್ಕೆ ಲೆಕ್ಕಹಾಕಿ ಕೀಲಿಯನ್ನು ಕಂಡುಹಿಡಿಯುವುದು ವ್ಯವಹಾರದಲ್ಲಿ ಅಸಾಧ್ಯ. ಇದನ್ನು ಕೈಗೊಂಚಲೆಂದು ಕರೆದಿದ್ದರೆ ಎಷ್ಟೋ ಗೊಂದಲ ತಪ್ಪುತ್ತಿತ್ತು.

ವಿನಿಮಯ ಸಂಸ್ಥೆಯ ಆ್ಯಪ್‌ನಲ್ಲಿ ನಾಣ್ಯ ಕೊಂಡವನು ಕಾಣುವುದು ಸಾಹುಕಾರನ ಪುಸ್ತಕದ ಅಂಕಿಯನ್ನು, ಕೀಲಿಯು ಸಂಸ್ಥೆಯದು. ಮೊಬೈಲಿನಲ್ಲಿ ತಾನೇ ಕೀಲಿಯನ್ನು ಇಟ್ಟುಕೊಂಡರೆ ಒಡೆತನವು ತನ್ನದಾಗುತ್ತದೆ, ಆದರೆ ಅಂತರ್ಜಾಲಕ್ಕೆ ಸೇರಿದ ಯಂತ್ರವು ಕಳ್ಳನಿಗೆ ಬೀದಿಬಾಗಿಲು. ಕೀಲಿಯನ್ನು ಹೊರಗೆ ಬಿಡದೆ ತನ್ನೊಳಗೇ ಸಹಿ ಹಾಕಿಕೊಡುವ ಪ್ರತ್ಯೇಕ ಹಾರ್ಡ್‌ವೇರ್ ಸಾಧನಗಳು ಇದಕ್ಕೆ ಪರಿಹಾರವಾಗಿ ಬಂದುವು. ಸಾಧನವು ಕೆಟ್ಟರೆ, 2048 ಪದಗಳ ಪಟ್ಟಿಯಿಂದಾಯ್ದ 12 ಅಥವಾ 24 ಪದಗಳಿಂದ ಕೀಲಿಗಳನ್ನು ಮತ್ತೆ ಪಡೆಯಬಹುದು. ಆ ಕಾಗದವೂ ಕಳೆದರೆ ಹಗೇವಿನ ಕಥೆಯೇ.

ಖಾತೆಯನ್ನು ಕಂಡದ್ದು ಬೇರೆ, ಕೀಲಿ ಪಡೆದದ್ದು ಬೇರೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2020ರ ಕೊನೆಯಲ್ಲಿ ಬಂಧಿತನಾದ ಆರೋಪಿಯೊಬ್ಬನಿಂದ ಸುಮಾರು 31 ಬಿಟ್‌ಕಾಯಿನ್ ವಶವಾಯಿತೆಂದು ಬೆಂಗಳೂರು ಪೊಲೀಸರು 2021ರ ಆರಂಭದಲ್ಲಿ ಪ್ರಕಟಿಸಿದರು. ಅವನು ತೋರಿಸಿದ ವಾಲೆಟ್ಟು ವಾಸ್ತವವಾಗಿ ವಿನಿಮಯ ಸಂಸ್ಥೆಯೊಂದರದು, ಅದರ ಖಾಸಗಿ ಕೀಲಿ ಅವನಲ್ಲಿರಲಿಲ್ಲ ಎಂಬ ವಿವರಣೆಯು ಅದೇ ವರ್ಷದ ನವೆಂಬರಿನಲ್ಲಿ ಹೊರಬಂದಿತು.

ಖಜಾನೆಯ ಎರಡು ಬೀಗಕ್ಕೆ ಸಮಾನವಾದುದು ಬಹುಸಹಿ ವಾಲೆಟ್ಟು. ಆದರೂ 2024ರ ಜುಲೈ 18ರಂದು ವಝೀರ್‌ಎಕ್ಸ್ ಸಂಸ್ಥೆಯ ಅಂಥದೊಂದು ವಾಲೆಟ್ಟಿನಿಂದಲೇ ಸುಮಾರು 23 ಕೋಟಿ ಡಾಲರ್ ಅಪಹೃತವಾಯಿತು. ಸಹಿದಾರರು ಆರು ಮಂದಿ. ಪರದೆಯ ಮೇಲೆ ಕಂಡ ವ್ಯವಹಾರ ಒಂದು, ನಿಜವಾಗಿ ಸಹಿ ಬಿದ್ದದ್ದು ಇನ್ನೊಂದು ಎಂದು ಸಂಸ್ಥೆಯು ಹೇಳಿತು. ಓದುಬಾರದ ರೈತನಿಗೆ ಒಂದನ್ನು ಓದಿ ಹೇಳಿ ಮತ್ತೊಂದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಹಳೆಯ ಪತ್ರಗಳ ಸ್ಮರಣೆ ಇಲ್ಲಿ ಬಾರದಿರದು. ಬೀಗಗಳು ಹೆಚ್ಚಿದಷ್ಟೂ ಕೈ ಹಿಡಿದವರ ಕಣ್ಣುಗಳೂ ಎಚ್ಚರವಾಗಿರಬೇಕಷ್ಟೆ.

ನಾಲ್ಕೂ ಪಟ್ಟಣಗಳ ಜನರಿಗೆ ಪರಿಚಿತವಾದ ಬ್ಯಾಂಕಿನ ಲಾಕರು ಸಹ ಎರಡು ಕೈಗಳಿಂದ ತೆರೆಯುವಂಥದೇ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಕಳವಾದಾಗ ಅಥವಾ ನೌಕರರು ವಂಚಿಸಿದಾಗ ಬ್ಯಾಂಕು ವಾರ್ಷಿಕ ಬಾಡಿಗೆಯ ನೂರರಷ್ಟಕ್ಕೆ ಹೊಣೆಯಾಗುತ್ತದೆ. ಅದೇ ವರ್ಷದ ಏಪ್ರಿಲ್ 1ರಿಂದ ಕ್ರಿಪ್ಟೋ ಲಾಭದ ಮೇಲೆ ಶೇಕಡ 30ರ ತೆರಿಗೆ ಬಂದಿದೆ. ಕೀಲಿಯನ್ನು ಹಿಡಿದಿರುವ ಸಂಸ್ಥೆಗೆ ಲಾಕರಿನಂಥ ಹೊಣೆಯನ್ನು ವಿಧಿಸುವ ನಿಯಮ ಮಾತ್ರ ಇನ್ನೂ ಬಂದಿಲ್ಲ.