ಮನೆಯ ಪ್ರೊಜೆಕ್ಟರಿನ ಬೆಳಕಿನ ಹೊಂದಾಣಿಕೆ

ಪ್ರೊಜೆಕ್ಟರು ಬೀರುವ ಬೆಳಕನ್ನು ಪರದೆಯ ಅಳತೆ, ಪರದೆಯ ಗುಣ ಮತ್ತು ಕೋಣೆಯ ಬೆಳಕಿಗೆ ಸರಿಹೊಂದಿಸುವುದನ್ನು ಬೆಳಕಿನ ಹೊಂದಾಣಿಕೆ ಎನ್ನಲಾಗುತ್ತದೆ. ಈ ಮೂರರಲ್ಲಿ ಕೋಣೆಯ ಬೆಳಕೇ ನಿರ್ಣಾಯಕ. ಕೊಳ್ಳುವವರು ಎಲ್ಲಕ್ಕಿಂತ ಕಡಿಮೆ ಗಮನಿಸುವುದೂ ಅದನ್ನೇ.

ಲೆಕ್ಕಾಚಾರ

ಪ್ರೊಜೆಕ್ಟರಿನ ಒಟ್ಟು ಬೆಳಕನ್ನು ಲ್ಯೂಮೆನ್‌ಗಳಲ್ಲಿಯೂ ಪರದೆಯ ಕಾಂತಿಯನ್ನು ಫುಟ್-ಲ್ಯಾಂಬರ್ಟ್‌ಗಳಲ್ಲಿಯೂ ಅಳೆಯುತ್ತಾರೆ. ಲ್ಯೂಮೆನ್ ಸಂಖ್ಯೆಯನ್ನು ಪರದೆಯ ಪ್ರತಿಫಲನ ಗುಣಾಂಕದಿಂದ (ಅಂಗಡಿಯ ಮಾತಿನಲ್ಲಿ ‘ಗೇನ್’) ಗುಣಿಸಿ, ಚದರ ಅಡಿಗಳ ವಿಸ್ತೀರ್ಣದಿಂದ ಭಾಗಿಸಿದರೆ ಈ ಕಾಂತಿ ದೊರೆಯುತ್ತದೆ. ಡಿಜಿಟಲ್ ಚಿತ್ರಮಂದಿರಗಳಿಗೆ ನಿಗದಿಯಾದ ಪ್ರಮಾಣ 14 ಫುಟ್-ಲ್ಯಾಂಬರ್ಟ್. ಕರ್ಣ 100 ಅಂಗುಲವಿರುವ 16:9 ಆಕಾರದ ಪರದೆಯ ವಿಸ್ತೀರ್ಣ ಸುಮಾರು 30 ಚದರ ಅಡಿ. ಗುಣಾಂಕ 1 ಇದ್ದರೆ ಅದಕ್ಕೆ 420 ಲ್ಯೂಮೆನ್ ಸಾಕು. ದೀಪ ಹಳತಾಗಿ ಅರ್ಧಕ್ಕಿಳಿದರೂ ಕೊರತೆಯಾಗದಂತೆ 840 ಇಟ್ಟುಕೊಳ್ಳಬಹುದು. ಕತ್ತಲ ಕೋಣೆಗೆ ಇದಕ್ಕಿಂತ ಹೆಚ್ಚಿನದು ಅಗತ್ಯವಿಲ್ಲ.

ಕೋಣೆಯ ಬೆಳಕು

ಪ್ರೊಜೆಕ್ಟರು ಕಪ್ಪನ್ನು ಮೂಡಿಸಲಾರದು. ಬೆಳಕು ಬೀಳದ ಜಾಗವೇ ಕಪ್ಪಾಗಿ ಕಾಣಬೇಕು. ಆದ್ದರಿಂದ ಕೋಣೆಯ ಬೆಳಕು ಮೊದಲು ಕೆಡಿಸುವುದು ಚಿತ್ರದ ಕಪ್ಪನ್ನು. 2,000 ಲ್ಯೂಮೆನ್‌ನ ಪ್ರೊಜೆಕ್ಟರು ಮೇಲಿನ ಪರದೆಗೆ ಸುಮಾರು 720 ಲಕ್ಸ್ ಬೆಳಕು ಕೊಡುತ್ತದೆ. ಕಿಟಕಿಯಿಂದಲೋ ಟ್ಯೂಬ್‌ಲೈಟಿನಿಂದಲೋ ಪರದೆಯ ಮೇಲೆ 100 ಲಕ್ಸ್ ಬಿದ್ದರೆ ಬಿಳಿಯು ಕಪ್ಪಿಗಿಂತ ಬರೀ ಎಂಟು ಪಟ್ಟು ಪ್ರಕಾಶಮಾನವಾಗಿರುತ್ತದೆ. ಅದೇ ಬೆಳಕನ್ನು ದಪ್ಪ ಪರದೆಬಟ್ಟೆಯಿಂದ 10 ಲಕ್ಸ್‌ಗೆ ಇಳಿಸಿದರೆ ಈ ಅಂತರ ಎಪ್ಪತ್ತು ಪಟ್ಟನ್ನು ದಾಟುತ್ತದೆ. ಬಟ್ಟೆ ಕಟ್ಟದೆ ಅಷ್ಟೇ ಅಂತರ ಪಡೆಯಲು 20,000 ಲ್ಯೂಮೆನ್‌ನ ಯಂತ್ರ ಬೇಕು. ಅದು ಸಭಾಂಗಣದ ಯಂತ್ರ, ಮನೆಯದಲ್ಲ. ಟೂರಿಂಗ್ ಟಾಕೀಸುಗಳು ಕತ್ತಲಾದ ಮೇಲೆಯೇ ಆಟ ಆರಂಭಿಸುತ್ತಿದ್ದುದಕ್ಕೂ ಇದೇ ಕಾರಣ.

ಹಾವೇರಿ ಜಿಲ್ಲೆಯ ಮನೆಗಳಲ್ಲಿ

ಹಾನಗಲ್ಲ ಮತ್ತು ಹಿರೇಕೆರೂರು ಕಡೆಯ ಹಂಚಿನ ಮನೆಗಳಲ್ಲಿ ಗಾಜಿನ ಹಂಚಿನಿಂದ, ಸವಣೂರು ಮತ್ತು ಶಿಗ್ಗಾಂವಿ ಕಡೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಹಗಲಿನ ಬೆಳಕು ನೇರವಾಗಿ ಒಳಗಿಳಿಯುತ್ತದೆ. ಕಿಟಕಿ ಮುಚ್ಚಿದರೂ ಇದು ಉಳಿಯುವುದರಿಂದ, ಪರದೆಯನ್ನು ಅದರಿಂದ ದೂರದ ಗೋಡೆಗೆ ಕಟ್ಟುವುದು ಲೇಸು. ಪಡಸಾಲೆಯ ಸುಣ್ಣದ ಬಿಳಿ ಗೋಡೆಗಳು ಚಿತ್ರದ ಬೆಳಕನ್ನೇ ತಿರುಗಿ ಪರದೆಗೆ ಚೆಲ್ಲುತ್ತವೆ. ಪರದೆಯ ಅಕ್ಕಪಕ್ಕ ಗಾಢ ಬಣ್ಣದ ಜಮಖಾನೆ ಇಳಿಬಿಟ್ಟರೆ ಇದು ತಗ್ಗುತ್ತದೆ. ಮನೆಯಲ್ಲಿ ವೃದ್ಧರಿದ್ದರೆ ಪೂರ್ಣ ಕತ್ತಲು ಸಲ್ಲದು. ಪರದೆಯ ಎದುರು ಗೋಡೆಯ ಟ್ಯೂಬ್‌ಲೈಟನ್ನು ಆರಿಸಿ, ನೆಲದತ್ತ ಮುಖಮಾಡಿದ ಸಣ್ಣ ದೀಪವೊಂದನ್ನು ಉಳಿಸಿಕೊಳ್ಳಬೇಕು.

ಪರದೆ

ಬಣ್ಣದ ಛಾಯೆಯಿಲ್ಲದ ನುಣುಪು ಬಿಳಿ ಗೋಡೆ ಸಾಮಾನ್ಯ ವೀಕ್ಷಣೆಗೆ ಸಾಕಾಗುತ್ತದೆ. ಬೆಡ್‌ಶೀಟಿನ ಮೂಲಕ ಸ್ವಲ್ಪ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಹೆಚ್ಚಿನ ಗುಣಾಂಕದ ಪರದೆ ನಡುವೆ ಕುಳಿತವರಿಗೆ ಉಜ್ವಲವಾಗಿಯೂ ಅಂಚಿನಲ್ಲಿ ಕುಳಿತವರಿಗೆ ಮಂಕಾಗಿಯೂ ಕಾಣುತ್ತದೆ. ಸಾಮಾನ್ಯ ಬೂದು ಪರದೆ ಬಿಳಿ, ಕಪ್ಪು ಎರಡನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುವುದರಿಂದ, ಕಿಟಕಿಯ ಬೆಳಕಿಗೆ ಅದು ಮದ್ದಲ್ಲ. ಮೇಲಿನಿಂದ ಬೀಳುವ ಬೆಳಕನ್ನು ಬೇರೆಡೆಗೆ ಹೊರಳಿಸುವ ವಿಶೇಷ ಪರದೆಗಳಿವೆ, ಅವು ದುಬಾರಿ.

ಜಾಹೀರಾತಿನ ಅಂಕಿಗಳು

ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲೆ ಬರೀ ‘ಲ್ಯೂಮೆನ್’ ಎಂದಿದ್ದರೆ ಅದು ಒಳಗಿನ ದೀಪದ ಬೆಳಕಾಗಿರಬಹುದು, ಮಸೂರದಿಂದ ಹೊರಬಂದದ್ದಲ್ಲ. ಆನ್ಸಿ ಲ್ಯೂಮೆನ್ ಎಂಬುದು ಚಿತ್ರದ ಒಂಬತ್ತು ಕಡೆ ಅಳೆದು ಸರಾಸರಿ ತೆಗೆದು ಪಡೆಯುವ ಅಂಕಿ. ಐಎಸ್ಒ 21118 ಎಂಬ ಅಂತರರಾಷ್ಟ್ರೀಯ ಮಾನಕವೂ ಇದೆ. ಈ ಎರಡರಲ್ಲಿ ಒಂದೂ ನಮೂದಾಗಿಲ್ಲದ ಅಂಕಿಯನ್ನು ಮೇಲಿನ ಲೆಕ್ಕದಲ್ಲಿ ಬಳಸಬಾರದು.