ನೋಡ್-ಲಾಕ್ಡ್ ಲೈಸೆನ್ಸ್

ಒಂದು ತಂತ್ರಾಂಶ ಗೊತ್ತುಪಡಿಸಿದ ಒಂದೇ ಕಂಪ್ಯೂಟರಿನಲ್ಲಿ ನಡೆಯುವಂತೆ ನಿರ್ಬಂಧಿಸುವ ಪರವಾನಗಿ. ಚಿಪ್ ವಿನ್ಯಾಸ, ಯಂತ್ರಭಾಗಗಳ ನಕ್ಷೆ, ಗಣಿತದ ಲೆಕ್ಕಾಚಾರಗಳಿಗೆ ಬಳಸುವ ದುಬಾರಿ ತಂತ್ರಾಂಶಗಳಲ್ಲಿ ಇದು ಸಾಮಾನ್ಯ. ಇನ್ನೊಂದು ಬಗೆಯಾದ ಫ್ಲೋಟಿಂಗ್ ಲೈಸೆನ್ಸಿನಲ್ಲಿ ಸರ್ವರೊಂದು ಇಂತಿಷ್ಟು ಪರವಾನಗಿಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಕೊಟ್ಟು, ಕೆಲಸ ಮುಗಿದ ಮೇಲೆ ಹಿಂಪಡೆಯುತ್ತದೆ. ಹತ್ತಾರು ಜನ ಸರದಿಯಲ್ಲಿ ಬಳಸುವ ಕಡೆ ಇದು ಲಾಭ. ಒಬ್ಬನೇ ಎಂಜಿನಿಯರ್ ಒಂದೇ ಯಂತ್ರದ ಮುಂದೆ ಕೂರುವಲ್ಲಿ ನೋಡ್-ಲಾಕ್ಡ್ ಸಾಕು, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

1980ರ ದಶಕದಲ್ಲಿ ಈ ಕಾವಲಿಗೆ ಡಾಂಗಲ್ ಎಂಬ ಪುಟ್ಟ ಸಾಧನ ಇತ್ತು. ಕಂಪ್ಯೂಟರಿನ ಹಿಂಬದಿಯ ಪ್ಯಾರಲಲ್ ಪೋರ್ಟಿಗೆ ಅದನ್ನು ಸಿಕ್ಕಿಸಿ, ಪ್ರಿಂಟರಿನ ಕೇಬಲನ್ನು ಅದರ ಬೆನ್ನಿಗೆ ಜೋಡಿಸುತ್ತಿದ್ದರು. ಡಾಂಗಲ್ ಕಳೆದರೆ ತಂತ್ರಾಂಶವೂ ಕಳೆದಂತೆ. ಅದರ ಯುಎಸ್‌ಬಿ ರೂಪ ಇಂದಿಗೂ ಕೆಲವೆಡೆ ಉಳಿದಿದೆ. 1988ರಲ್ಲಿ ಬಂದ ಫ್ಲೆಕ್ಸ್‌ಎಲ್‌ಎಂ ಎಂಬ ಲೈಸೆನ್ಸ್ ವ್ಯವಸ್ಥೆ ಈ ಕೆಲಸವನ್ನು ಒಂದು ಪಠ್ಯ ಫೈಲಿಗೆ ಒಪ್ಪಿಸಿತು. ಫ್ಲೆಕ್ಸ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಅದೇ ವ್ಯವಸ್ಥೆ ಈಗಲೂ ಎಂಜಿನಿಯರಿಂಗ್ ತಂತ್ರಾಂಶಗಳಲ್ಲಿ ವ್ಯಾಪಕವಾಗಿದೆ.

ಲೈಸೆನ್ಸ್ ಕಂಪ್ಯೂಟರನ್ನು ಗುರುತಿಸುವುದು ಹೋಸ್ಟ್ ಐಡಿ ಎಂಬ ಸಂಖ್ಯೆಯಿಂದ. ಹೆಚ್ಚಾಗಿ ಅದು ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ: 48 ಬಿಟ್‌ಗಳ, ಹದಿನಾರರ ಎಣಿಕೆಯಲ್ಲಿ 12 ಅಂಕಿ-ಅಕ್ಷರಗಳ ಗುರುತು. ಇಲ್ಲವಾದರೆ ವಿಂಡೋಸ್‌ನಲ್ಲಿ ಸಿ ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರ್, ಅಂದರೆ 8 ಅಂಕಿ-ಅಕ್ಷರಗಳು. ತೊಡಕುಗಳೆಲ್ಲ ಹುಟ್ಟುವುದು ಇಲ್ಲಿಯೇ. ಕಂಪ್ಯೂಟರ್ ಹಾಗೆಯೇ ಇದ್ದರೂ ಈ ಸಂಖ್ಯೆ ಬದಲಾಗಬಹುದು. ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ವಾಲ್ಯೂಮ್ ನಂಬರ್ ಹೊಸದಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ವೈಫೈಗೆ ಒಂದು, ಕೇಬಲ್ ಜೋಡಣೆಗೆ ಇನ್ನೊಂದು, ವಿಪಿಎನ್ ಹಾಕಿದ್ದರೆ ಮತ್ತೊಂದು ಮ್ಯಾಕ್ ವಿಳಾಸ ಇರುತ್ತದೆ. ವೈಫೈಯ ವಿಳಾಸವನ್ನು ಆಗಾಗ ಬದಲಿಸಿ ತೋರಿಸುವ ಸೌಲಭ್ಯ ವಿಂಡೋಸ್ 10ರಿಂದ ಈಚೆಗೆ ಇದೆ. ಯುಎಸ್‌ಬಿಗೆ ಸಿಕ್ಕಿಸುವ ನೆಟ್‌ವರ್ಕ್ ಅಡಾಪ್ಟರಿನ ವಿಳಾಸ ಕೊಟ್ಟು ಲೈಸೆನ್ಸ್ ತರಿಸಿಕೊಂಡವರು ಆ ಅಡಾಪ್ಟರ್ ಮನೆಯಲ್ಲಿ ಮರೆತ ದಿನ ಕೆಲಸ ಮಾಡುವಂತಿಲ್ಲ. ಹಾಗಾಗಿ ಮದರ್‌ಬೋರ್ಡಿನಲ್ಲೇ ಬೆಸೆದಿರುವ ಈಥರ್ನೆಟ್ ಪೋರ್ಟಿನ ವಿಳಾಸವನ್ನೇ ಕೊಡುವುದು ಜಾಣತನ.

ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಆಜ್ಞೆಗೆ ‘ಆಲ್’ ಸೇರಿಸಿ ಕೊಟ್ಟರೆ ‘ಫಿಸಿಕಲ್ ಅಡ್ರೆಸ್’ ಎಂಬ ಸಾಲಿನಲ್ಲಿ ಮ್ಯಾಕ್ ವಿಳಾಸ ಕಾಣುತ್ತದೆ. ಅಲ್ಲಿ ಎರಡೆರಡು ಅಂಕಿಗಳ ನಡುವೆ ಅಡ್ಡಗೆರೆ ಇರುತ್ತದೆ, ಲೈಸೆನ್ಸ್ ಫೈಲಿನಲ್ಲಿ ಅದಿಲ್ಲದೆ ಒಟ್ಟಿಗೆ ಬರೆಯುತ್ತಾರೆ. ಈ ಸಂಖ್ಯೆಯನ್ನು ಕಂಪನಿಯ ತಾಣದಲ್ಲಿ ನಮೂದಿಸಿದರೆ ಲೈಸೆನ್ಸ್ ಫೈಲ್ ಸಿಗುತ್ತದೆ. ಫೈಲಿನ ಒಂದೊಂದು ‘ಫೀಚರ್’ ಅಥವಾ ‘ಇನ್‌ಕ್ರಿಮೆಂಟ್’ ಸಾಲು ಒಂದೊಂದು ಸೌಲಭ್ಯದ ಹೆಸರು, ಆವೃತ್ತಿ, ಮುಗಿಯುವ ದಿನಾಂಕ, ಹೋಸ್ಟ್ ಐಡಿಗಳನ್ನು ಹೇಳುತ್ತದೆ. ಕೊನೆಯಲ್ಲಿರುವ ‘ಸೈನ್’ ಎಂಬ ಉದ್ದನೆಯ ಸರಣಿ ಕಂಪನಿಯ ಗುಪ್ತ ಸಹಿ. ಅದನ್ನು ಸಾಲಿನ ಉಳಿದ ವಿವರಗಳಿಂದಲೇ ಲೆಕ್ಕ ಹಾಕಿರುವುದರಿಂದ ದಿನಾಂಕವನ್ನೋ ಹೋಸ್ಟ್ ಐಡಿಯನ್ನೋ ಕೈಯಾರೆ ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. ಯಾವ ದುರುದ್ದೇಶವೂ ಇಲ್ಲದೆ ಫೈಲ್ ಕೆಡುವುದೂ ಉಂಟು: ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಹೆಸರಿನ ಬಾಲಕ್ಕೆ ‘ಟಿಎಕ್ಸ್‌ಟಿ’ ಅಂಟಿಕೊಂಡಿರುತ್ತದೆ. ವಿಂಡೋಸ್ ಆ ಬಾಲವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ, ತಂತ್ರಾಂಶಕ್ಕೆ ಮಾತ್ರ ಲೈಸೆನ್ಸ್ ಸಿಗುವುದೇ ಇಲ್ಲ.

ಲಿನಕ್ಸ್‌ನಲ್ಲಿ ಬೇರೆಯೇ ಪಾಡು. ಹಳೆಯ ಫ್ಲೆಕ್ಸ್‌ಎಲ್‌ಎಂ ಆವೃತ್ತಿಗಳು ‘ಇಟಿಎಚ್0’ ಎಂಬ ಹೆಸರಿನ ನೆಟ್‌ವರ್ಕ್ ಪೋರ್ಟನ್ನೇ ಹುಡುಕುತ್ತವೆ. 2013ರ ಸುಮಾರಿಗೆ ಲಿನಕ್ಸಿನ ಸೇವೆಗಳನ್ನು ಚಾಲೂ ಮಾಡಿ ನಿರ್ವಹಿಸುವ ಸಿಸ್ಟಮ್‌ಡಿ ಈ ಪೋರ್ಟುಗಳಿಗೆ ‘ಇಎನ್‌ಪಿ3ಎಸ್0’ ಬಗೆಯ ಹೆಸರಿಡತೊಡಗಿತು. ಆಗ ಕಂಪ್ಯೂಟರಿನಲ್ಲಿ ಕಾರ್ಡ್ ಇದ್ದರೂ ಹೋಸ್ಟ್ ಐಡಿ ಕೇಳಿದರೆ ಬರೀ ಸೊನ್ನೆಗಳು ಬಂದವು. ಪೋರ್ಟಿಗೆ ಹಳೆಯ ಹೆಸರನ್ನು ಮತ್ತೆ ಕೊಡುವುದೇ ಅದಕ್ಕೆ ಮದ್ದು. ಇನ್ನೊಂದು ಕಾಟವೆಂದರೆ, ಲೈಸೆನ್ಸ್ ಸರ್ವರಿನ ಫೈಲ್ ಕಣ್ಣೆದುರೇ ಇದ್ದರೂ ನಡೆಸಹೋದರೆ ‘ಅಂಥ ಫೈಲ್ ಇಲ್ಲ’ ಎನ್ನುವ ಉತ್ತರ. ನಿಜವಾಗಿ ಇಲ್ಲದಿರುವುದು ಎಲ್‌ಎಸ್‌ಬಿ ಎಂಬ ಪೂರಕ ಪ್ಯಾಕೇಜಿನ ಲೋಡರ್, ಅಂದರೆ ಪ್ರೋಗ್ರಾಮನ್ನು ಮೆಮೊರಿಗೆ ತುಂಬುವ ಫೈಲ್; ಅದನ್ನು ಸ್ಥಾಪಿಸಿದರೆ ಸರಿಹೋಗುತ್ತದೆ. ಸಂದೇಶ ಬರೆದವರು ಆ ಲೋಡರಿನ ಹೆಸರನ್ನೂ ಹೇಳಿದ್ದರೆ ಎಷ್ಟೋ ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತು.

ದೋಷ ಸಂಖ್ಯೆಗಳು ಇದಕ್ಕಿಂತ ಉಪಕಾರಿ. ಫ್ಲೆಕ್ಸ್‌ನೆಟ್‌ನಲ್ಲಿ -1 ಬಂದರೆ ಲೈಸೆನ್ಸ್ ಫೈಲ್ ಸಿಕ್ಕಿಲ್ಲ. -8 ಎಂದರೆ ಸಹಿ ತಾಳೆಯಾಗಿಲ್ಲ, -9 ಎಂದರೆ ಹೋಸ್ಟ್ ಐಡಿ ಬೇರೆ, -10 ಎಂದರೆ ಅವಧಿ ಮುಗಿದಿದೆ. ಅವಧಿ ಹಿಗ್ಗಿಸಲು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದವರಿಗೆಂದೇ -88 ಇದೆ.

ಒಳಗಿನ ಸರ್ಕ್ಯೂಟನ್ನು ಬಳಕೆದಾರರೇ ರೂಪಿಸಬಹುದಾದ ಎಫ್‌ಪಿಜಿಎ ಚಿಪ್ಪಿನ ಬೋರ್ಡುಗಳ ಜೊತೆ ಬರುವ ಕೆಲವು ಲೈಸೆನ್ಸುಗಳದು ಎರಡು ಬೀಗ: ಒಂದು ಕಂಪ್ಯೂಟರಿಗೆ, ಇನ್ನೊಂದು ಆ ಬೋರ್ಡಿನಲ್ಲಿರುವ ಚಿಪ್ಪಿನ ಮಾದರಿಗೆ. ಪ್ರಯೋಗಾಲಯಕ್ಕೆ ಬೋರ್ಡ್ ಕೊಳ್ಳುವ ಕಾಲೇಜುಗಳು ಇದನ್ನು ಮೊದಲೇ ನೋಡಿಕೊಳ್ಳಬೇಕು. ಬೆಂಗಳೂರಿನ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರವು ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಯೋಜನೆಯಡಿ ದೇಶದ ಶಿಕ್ಷಣ ಸಂಸ್ಥೆಗಳಿಗೆ ವಿನ್ಯಾಸ ತಂತ್ರಾಂಶಗಳನ್ನು ಒಂದೇ ಕಡೆಯಿಂದ ಹಂಚುತ್ತದೆ. ಅಂಥಲ್ಲಿ ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಲೈಸೆನ್ಸ್ ಕಟ್ಟುವ ಅಗತ್ಯ ಬೀಳುವುದಿಲ್ಲ.

ಕಂಪ್ಯೂಟರ್ ಬದಲಿಸುವಾಗ ಲೈಸೆನ್ಸನ್ನು ಹೊಸದಕ್ಕೆ ಸಾಗಿಸುವುದಕ್ಕೆ ರೀಹೋಸ್ಟಿಂಗ್ ಎನ್ನುತ್ತಾರೆ. ಇದಕ್ಕೆ ಬಹುತೇಕ ಕಂಪನಿಗಳು ಅವಕಾಶ ಕೊಡುತ್ತವೆಯಾದರೂ ಎಷ್ಟು ಸಲ ಎಂಬುದಕ್ಕೆ ಮಿತಿ ಇಡುವುದುಂಟು. ಸುಟ್ಟುಹೋದ ಯಂತ್ರದಿಂದ ಲೈಸೆನ್ಸ್ ಬಿಡಿಸಿಕೊಳ್ಳಲು ಬಳಕೆದಾರನೇ ಪತ್ರ ಬರೆದು ಬೇಡಬೇಕಾದ ಸ್ಥಿತಿ ಮಾತ್ರ ನ್ಯಾಯವೆನಿಸದು, ಹಣ ಕೊಟ್ಟವನು ಅವನೇ ತಾನೆ.

ಬೀಗ ಮುರಿಯುವುದು ಭಾರತದಲ್ಲಿ ಅಪರಾಧ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ ಕಳ್ಳಪ್ರತಿಯೆಂದು ತಿಳಿದೂ ತಂತ್ರಾಂಶ ಬಳಸಿದರೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡವಿದೆ. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸಿದವರಿಗೆ 2012ರ ತಿದ್ದುಪಡಿ ಸೇರಿಸಿದ 65ಎ ಸೆಕ್ಷನ್ 2 ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಕಾನೂನುಬದ್ಧವಾಗಿ ಪಡೆದ ಪ್ರತಿ ನಾಶವಾದರೆಂದು ಬ್ಯಾಕಪ್ ಇಟ್ಟುಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 52ನೇ ಸೆಕ್ಷನ್ ಕೊಟ್ಟಿದೆ.